ಕ್ಯಾನ್ಸರ್ ಆದವರಿಗೆ ಮಾತ್ರ ಪಥ್ಯ ಯಾಕೆ?

ಮಾನ್ಯ ಸಂಪಾದಕರೇ,

ಮನೇಲಿ ಒಬ್ಬರಿಗೆ ಕ್ಯಾನ್ಸರ್ ಟ್ರೀಟ್‌ಮೆಂಟ್ ಮುಗಿದ್ಮೇಲೆ ಎಲ್ಲರ ಕಣ್ಣೂ ಅವರ ತಟ್ಟೆ ಮೇಲೇನೇ, ಇದು ತಿನ್ಬೇಡ ಅದು ಮುಟ್ಬೇಡ ಅಂತ, ಆದ್ರೆ ಹೇಳೋರು ಮಾತ್ರ ಅವರ ಎದುರಿಗೇ ಕರಿದಿದ್ದು, ಕೂಲ್‌ಡ್ರಿಂಕ್ಸ್ ಇಟ್ಕೊಂಡು ಕೂತಿರ್ತಾರೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ. ನಮ್ಮಕ್ಕಂಗೆ ಕೀಮೋ ಟೈಮಲ್ಲಿ ಬಾಯಿಗೆ ಏನಿಟ್ರೂ ಕಬ್ಬಿಣ ನೆಕ್ಕಿದಂಗೆ ಆಗ್ತಿತ್ತು, ಎರಡು ತುತ್ತು ತಿಂದು ತಟ್ಟೆ ಪಕ್ಕಕ್ಕೆ ಸರಿಸೋಳು, ಎಲ್ಲರೂ ಅದೇ ಅಡುಗೇನ ಅವಳ ಜೊತೆ ಕೂತು ತಿನ್ನೋಕೆ ಶುರು ಮಾಡಿದ್ಮೇಲೆ ಅವಳ ಊಟ ನಿಧಾನಕ್ಕೆ ಸುಧಾರಿಸ್ತು.

ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ, 5 ಗ್ರಾಂಗಿಂತ ಕಮ್ಮಿ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಪೇಷೆಂಟ್‌ಗಳಿಗಷ್ಟೇ ಅಲ್ಲ, ದೊಡ್ಡವರೆಲ್ಲರಿಗೂ. ಅದರ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2015ರಲ್ಲೇ ಸಾಸೇಜ್, ಬೇಕನ್ ಥರದ ಸಂಸ್ಕರಿಸಿದ ಮಾಂಸನ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಗೆ ಸೇರಿಸ್ತು, ಮದ್ಯ ಅಂತೂ ಅದಕ್ಕೂ ಎಷ್ಟೋ ಮೊದ್ಲಿಂದ ಅಲ್ಲಿದೆ.

ಹಾಗಂತ ಬೈದು ಹೆದರಿಸಿದ್ರೆ ಯಾರೂ ಬದಲಾಗಲ್ಲ. ಮೊದ್ಲು ಉಪ್ಪು ಎಣ್ಣೆ ಸ್ವಲ್ಪ ಇಳಿಸಿ, ಊಟದಲ್ಲಿ ಒಂದು ತರಕಾರಿ ಜಾಸ್ತಿ ಮಾಡಿ, ಮಕ್ಕಳನ್ನೂ ಅಡುಗೆಮನೆಗೆ ಕರ್ಕೊಳ್ಳಿ, ತಾವೇ ತೊಳೆದು ಹೆಚ್ಚಿದ್ದನ್ನ ಅವರು ಖುಷಿಯಾಗಿ ತಿಂತಾರೆ.

ಇನ್ನೊಂದು, ಟ್ರೀಟ್‌ಮೆಂಟ್ ನಡೀವಾಗ ತೂಕ ಇಳೀತಿದ್ರೆ ಆವಾಗ ಬೇಕಾಗಿರೋದು ಕ್ಯಾಲರಿ, ಪ್ರೋಟೀನ್. ಸಕ್ಕರೆ ಬಿಟ್ರೆ ಕ್ಯಾನ್ಸರ್ ಸಾಯುತ್ತೆ ಅನ್ನೋ ವಾಟ್ಸಾಪ್ ಫಾರ್ವರ್ಡ್ ನಂಬಿ ಅವರನ್ನ ಉಪವಾಸ ಕೆಡವಬೇಡಿ, ಡಾಕ್ಟರನ್ನೋ ಡಯಟೀಷಿಯನ್‌ನೋ ಕೇಳಿ. ನಿಮ್ಮ ಪತ್ರಿಕೇಲೂ ಇದರ ಬಗ್ಗೆ ತಿಳಿದವರ ಕೈಲಿ ಬರೆಸಿದ್ರೆ ಎಷ್ಟೋ ಮನೆಗಳಿಗೆ ಉಪಯೋಗ ಆಗುತ್ತೆ ಸರ್.

– ನಿಮ್ಮ ಓದುಗ