ತೊಗಟೆಯಲ್ಲಿ ಹದವಾದ ಚರ್ಮ ಎಲ್ಲಿ ಸಿಗುತ್ತದೆ?

ಮಾನ್ಯ ಸಂಪಾದಕರೇ,

ಅಥಣಿಯಲ್ಲಿ 30 ವರ್ಷದಿಂದ ಚಪ್ಪಲಿ ಹೊಲಿಯುತ್ತಿದ್ದೇನೆ. ಹೋದ ತಿಂಗಳು ಒಬ್ಬ ವ್ಯಾಪಾರಿ ತೊಗಟೆಯಲ್ಲಿ ಹದ ಮಾಡಿದ್ದು ಎಂದು ಚರ್ಮ ಕೊಟ್ಟರು. ಅನುಮಾನ ಬಂದು ಒಂದು ಚೂರನ್ನು ಕುದಿಯುವ ನೀರಿಗೆ ಹಾಕಿದೆ. ತೊಗಟೆಯ ಚರ್ಮವಾಗಿದ್ದರೆ ಮುದುಡಿ ಗಟ್ಟಿಯಾಗಬೇಕಿತ್ತು. ಆಗಲೇ ಇಲ್ಲ. ಅದು ಕ್ರೋಮ್ ಚರ್ಮ, ಅಂದರೆ ತೊಗಟೆಯ ಬದಲು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು.

ನಮ್ಮ ಅಪ್ಪ ಮನೆ ಹಿಂದೆಯೇ ಹದ ಮಾಡುತ್ತಿದ್ದರು. ಸುಣ್ಣದ ನೀರಲ್ಲಿ ನೆನೆಸಿ, ಕೂದಲು ತೆಗೆದು, ಸುಣ್ಣ ಪೂರ್ತಿ ಹೋಗುವವರೆಗೆ ತೊಳೆಯುತ್ತಿದ್ದರು. ಆಮೇಲೆ ಜಾಲಿ ತೊಗಟೆ, ಅಳಲೆಕಾಯಿ ಕುಟ್ಟಿ ನೆನೆಸಿದ ನೀರು. ಮೊದಲು ತೆಳು ನೀರು, ದಿನ ಕಳೆದಂತೆ ಗಟ್ಟಿ ನೀರು. ಶುರುವಿಗೇ ಗಟ್ಟಿ ನೀರಿಗೆ ಹಾಕಿದರೆ ಮೇಲಷ್ಟೇ ಹದವಾಗಿ ಒಳಗೆ ಹಸಿ ಉಳಿಯುತ್ತದೆ. ಅಂಚು ಕತ್ತರಿಸಿ ನೋಡುತ್ತಿದ್ದರು. ನಡುವೆ ಬಿಳಿ ಗೆರೆ ಕಂಡರೆ ಮತ್ತೆ ತೊಟ್ಟಿಗೆ. ಕಬ್ಬಿಣದ ಬಕೆಟ್ ಹತ್ತಿರಕ್ಕೂ ಬಿಡುತ್ತಿರಲಿಲ್ಲ, ಚರ್ಮಕ್ಕೆ ಕರಿ ಕಲೆ ಬೀಳುತ್ತದೆ ಅಂತ.

ಕ್ರೋಮ್‌ನಲ್ಲಿ ಕೆಲಸ ಬೇಗ, ತೊಗಟೆಗೆ ವಾರಗಟ್ಟಲೆ ಬೇಕು. ಮೆತ್ತನೆಯ ಶೂಗೆ ಕ್ರೋಮ್ ಚರ್ಮ ಸರಿಯೇ. ಆದರೆ ನಮ್ಮ ಚಪ್ಪಲಿಯ ಅಟ್ಟೆಗೆ ತೊಗಟೆ ಕೊಡುವ ಬಿಗಿಯೇ ಬೇಕು.

ಕೊಲ್ಹಾಪುರಿ ಚಪ್ಪಲಿಯ ಜಿಐ ಗುರುತಿನಲ್ಲಿ (ಇದು ಇಂಥ ಪ್ರದೇಶದ್ದೇ ಎಂದು ಹೇಳುವ ಸರ್ಕಾರಿ ಗುರುತು) ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಗುರುತು ಸಿಕ್ಕಿದೆ, ಸರಿಯಾದ ಚರ್ಮವೇ ಸಿಗದಿದ್ದರೆ ಹೇಗೆ? ನೀರು, ತೊಟ್ಟಿ, ಬಳಸಿದ ನೀರಿಗೆ ಸರಿಯಾದ ವ್ಯವಸ್ಥೆ ಇರುವ ಒಂದು ಸಾಮೂಹಿಕ ಶೆಡ್ಡನ್ನು ಸರ್ಕಾರ ಇಲ್ಲಿ ಕಟ್ಟಿಕೊಡಲಿ. ಮಾರುವ ಚರ್ಮದ ಮೇಲೆ ಹದ ಮಾಡಿದ ಬಗೆ ಬರೆಯುವುದನ್ನೂ ಕಡ್ಡಾಯ ಮಾಡಲಿ.

— ಒಬ್ಬ ಚಪ್ಪಲಿ ಕುಶಲಕರ್ಮಿ, ಅಥಣಿ