ಮಗುವಿನ ಮಾತು ಮೊದಲು, ನಮ್ಮ ಪ್ರಶ್ನೆ ಆಮೇಲೆ

ಮಾನ್ಯರೇ,

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕರಣದಲ್ಲಿ ಆರೋಪಿ ಬಿಡುಗಡೆಯಾದಾಗ, ಮಗುವಿನ ಹೇಳಿಕೆ ಸಲಕ್ಕೊಂದು ಥರ ಇತ್ತು ಎಂಬ ಮಾತು ಕಿವಿಗೆ ಬೀಳುತ್ತದೆ. ಆ ಮಗುವನ್ನು ಯಾರು, ಎಷ್ಟು ಸಲ, ಹೇಗೆ ಕೇಳಿದ್ದರು ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಇಂಡಿ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲ ಕಲಿಸಿದವಳು ನಾನು. ಏನೋ ಆಗಿದೆ ಎಂಬ ಗುಮಾನಿ ಹುಟ್ಟಿದರೆ ಮೊದಲು ಅವ್ವ ಕೇಳುತ್ತಾಳೆ. ಆಮೇಲೆ ಸೋದರಮಾವ, ಹೆಡ್ ಮಾಸ್ತರು, ಊರ ಹಿರಿಯರು. 'ಅಂವ ಕೈ ಹಿಡ್ದಾ, ಹೌದಿಲ್ಲೊ?' 'ಅಂಜಬ್ಯಾಡ, ಹೂಂ ಅನ್ನು.' ಪೊಲೀಸರು ಬರುವಷ್ಟರಲ್ಲಿ ಮಗುವಿನ ನೆನಪಿನೊಳಗೆ ದೊಡ್ಡವರ ಮಾತು ಬೆರೆತುಹೋಗಿರುತ್ತದೆ. ಒಂದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಸಣ್ಣ ಮಕ್ಕಳು ಉತ್ತರ ಬದಲಿಸುವುದುಂಟು. ಅದು ಸುಳ್ಳು ಹೇಳುವ ಬುದ್ಧಿಯಲ್ಲ. ತರಗತಿಯಲ್ಲಿ ಶಿಕ್ಷಕರು ಎರಡನೇ ಸಲ ಕೇಳಿದರೆಂದರೆ ಮೊದಲಿನ ಉತ್ತರ ತಪ್ಪು ಎಂದೇ ಅವು ತಿಳಿದಿರುತ್ತವೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1983ರಲ್ಲಿ ಶುರುವಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಪ್ರಕರಣದಲ್ಲಿ ಮಕ್ಕಳಿಗೆ ಉತ್ತರ ಸೂಚಿಸುವಂಥ ಪ್ರಶ್ನೆಗಳನ್ನೇ ಕೇಳಲಾಗಿತ್ತು. 1990ರಲ್ಲಿ ಅದು ಮುಗಿದಾಗ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಇಂಥ ಪ್ರಕರಣಗಳ ನಂತರ ಮೈಕೆಲ್ ಲ್ಯಾಂಬ್ ಮುಂತಾದ ಮನೋವಿಜ್ಞಾನಿಗಳು ಮಕ್ಕಳನ್ನು ಮಾತಾಡಿಸುವ ಕ್ರಮವೊಂದನ್ನು ರೂಪಿಸಿದರು. 'ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು, ನಾ ತಪ್ಪು ಹೇಳಿದ್ರ ತಿದ್ದು' ಎಂದು ಮಗುವಿಗೆ ಮೊದಲೇ ಹೇಳಬೇಕು. ಹೋದ ಹಬ್ಬದ ದಿನ ನಡೆದದ್ದನ್ನೋ, ಸಿದ್ಧೇಶ್ವರ ಜಾತ್ರೆಯಲ್ಲಿ ಕಂಡದ್ದನ್ನೋ ಮೊದಲಿನಿಂದ ಕೊನೆಯವರೆಗೆ ಹೇಳಿಸಿ ಮಾತಿಗೆ ಹದ ಮಾಡಬೇಕು. ಆಮೇಲಷ್ಟೇ 'ಏನಾತು, ಎಲ್ಲಾ ಹೇಳು' ಎನ್ನಬೇಕು. ಮಗು ತಾನಾಗಿ ಆಡಿದ ಮಾತನ್ನೇ ಹಿಡಿದು 'ಅದರ ಬಗ್ಗೆ ಇನ್ನೂ ಹೇಳು', 'ಆಮ್ಯಾಲ ಏನಾತು?' ಎಂದು ಮುಂದುವರಿಯಬೇಕು. ಮಗು ಸುಮ್ಮನಾದರೆ ಕಾಯಬೇಕು. ಕಾಯುವುದೇ ನಮಗೆ ಬಲು ಕಷ್ಟ. ಹೀಗೆ ತಾನಾಗಿ ಹೇಳಿದ ವಿವರ ಹೌದು-ಅಲ್ಲ ಉತ್ತರಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

2012ರ ಪೋಕ್ಸೊ ಕಾಯ್ದೆಯಲ್ಲಿ ಕೊರತೆಯಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದಕ್ಕೆ ಹಿಡಿಸಿದ ಜಾಗದಲ್ಲಿ, ಸಮವಸ್ತ್ರವಿಲ್ಲದೆ, ಆದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು. ಸಾಧ್ಯವಿದ್ದಲ್ಲೆಲ್ಲ ಅದರ ಧ್ವನಿ-ದೃಶ್ಯ ಮುದ್ರಣವಾಗಬೇಕು. ಮಗುವನ್ನು ಕೋರ್ಟಿಗೆ ಪದೇ ಪದೇ ಕರೆಸಬಾರದು. ಅಗತ್ಯವಿದ್ದರೆ ದುಭಾಷಿಯ ನೆರವಿಗೂ ಅವಕಾಶವಿದೆ. ನಮ್ಮ ತಾಂಡಾಗಳ ಮಕ್ಕಳ ಮನೆಮಾತು ಲಂಬಾಣಿ. ಭಯದಲ್ಲಿದ್ದಾಗ ಅವಕ್ಕೆ ಕನ್ನಡ ಬಾಯಿಗೇ ಬರುವುದಿಲ್ಲ.

ಮಗು ತಾನಾಗಿ ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಟ್ಟು, ಕೆದಕದೆ, ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೋ ಪೊಲೀಸರಿಗೋ ತಿಳಿಸುವುದನ್ನು ಶಿಕ್ಷಕರಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ಕಲಿಸಬೇಕು. ಶಿಕ್ಷಣ ಇಲಾಖೆ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮುಂದಿನ ಶೈಕ್ಷಣಿಕ ವರ್ಷದೊಳಗೆ ಈ ತರಬೇತಿ ನಡೆಸಲಿ. ಲಂಬಾಣಿ, ಉರ್ದು, ಮರಾಠಿ ಬಲ್ಲ ಮಹಿಳೆಯರ ಪಟ್ಟಿ ಜಿಲ್ಲೆಯ ಪ್ರತಿ ಠಾಣೆಯಲ್ಲೂ ಇರಲಿ.

ನಿವೃತ್ತ ಶಿಕ್ಷಕಿ,
ಇಂಡಿ, ವಿಜಯಪುರ ಜಿಲ್ಲೆ