ವಿಷಯ: ನನ್ನ ಮಗಳ ಯೂರಿನ್ ಕಲ್ಚರ್ ಹಾಳು ಮಾಡಿದ್ದರ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಲ್ಯಾಬಿನ ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

"ನಿಮ್ಮ ಕರೆ ನಮಗೆ ಅಮೂಲ್ಯ" ಅಂತ ಕೇಳಿ ಕೇಳಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮಗಳಿಗೆ ನಾಲ್ಕು ವರ್ಷ. ಉರಿಮೂತ್ರ, ಚಳಿಜ್ವರ ಪದೇ ಪದೇ ಬರುತ್ತಿದೆ. ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಕಲ್ಚರ್‌ಗೆ ಕೊಡಿ ಅಂದರು ಡಾಕ್ಟರು. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಬಗ್ಗುತ್ತದೆ ಅಂತ ಗೊತ್ತಾಗೋದು ಅದರಲ್ಲೇ. ಉರಿ ಉರಿ ಅಂತ ಅಳುವ ಮಗುವನ್ನು ತೊಳೆದು, ಮೊದಲು ಬಂದದ್ದನ್ನು ಬಿಟ್ಟು, ನಡುವಿನದನ್ನು ಸ್ಟೆರೈಲ್ ಡಬ್ಬಿಯಲ್ಲಿ ಹಿಡಿದುಕೊಟ್ಟೆ.

ನಿಮ್ಮ ಹುಡುಗ ಬೆಳಿಗ್ಗೆ 7ಕ್ಕೆ ಅದನ್ನು ಬೈಕಿನ ಬ್ಯಾಗಿಗೆ ಹಾಕಿಕೊಂಡು ಹೋದ. ಐಸ್ ಪ್ಯಾಕ್ ಇರಲಿಲ್ಲ. ರಿಪೋರ್ಟಿನಲ್ಲಿ ಸ್ಯಾಂಪಲ್ ಲ್ಯಾಬಿಗೆ ತಲುಪಿದ ಸಮಯ ಮಧ್ಯಾಹ್ನ 1.40. ಕೂಡಲೇ ಲ್ಯಾಬಿಗೆ ತಲುಪಿಸಬೇಕು, ತಡವಾಗುವುದಾದರೆ ಫ್ರಿಜ್ಜಿನ ತಂಪಿನಲ್ಲಿ ಇಡಬೇಕು. ನಿಮ್ಮ ನಿಯಮವನ್ನು ನಿಮಗೇ ನಾನು ಹೇಳಿಕೊಡಬೇಕಾ? ಬಿಸಿಲಲ್ಲಿ ಬ್ಯಾಕ್ಟೀರಿಯಾ ನಿಮ್ಮ ಹುಡುಗನಿಗೆ ಕಾಯುತ್ತಾ ಕೂರೋದಿಲ್ಲ, ಬೆಳೆಯುತ್ತಾ ಹೋಗುತ್ತದೆ. ಕೊನೆಗೆ ಬಂದದ್ದು: "ಮಿಕ್ಸ್ಡ್ ಗ್ರೋತ್. ರಿಪೀಟ್ ಸ್ಯಾಂಪಲ್ ಕಳಿಸಿ." ಅಂದರೆ ಹಲವು ಬ್ಯಾಕ್ಟೀರಿಯಾ ಕಲಸಿ ಬೆಳೆದಿವೆ, ಕಾಯಿಲೆ ತಂದದ್ದು ಯಾವುದು ಅಂತ ಹೇಳಲಾಗದು.

ಕೇಳೋಣ ಅಂತ ನಿಮ್ಮ ಸೆಂಟರಿಗೆ ಹೋದೆ. ಕೌಂಟರಿನ ಹುಡುಗಿ ರಿಪೋರ್ಟ್ ನೋಡಿ, ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದಳು: "ತಾಯಂದಿರು ಸರಿಯಾಗಿ ತೊಳೆಯಲ್ಲ ಮೇಡಂ, ಅದಕ್ಕೇ ಹೀಗಾಗೋದು."
1.40 ಅನ್ನೋದನ್ನು ಬೆರಳಿಟ್ಟು ತೋರಿಸಿದೆ.
"ಅದು ಸಿಸ್ಟಮ್ ಟೈಮ್."
ಯಾವ ದೇಶದ ಸಿಸ್ಟಮ್ಮೋ!
"ಮಗೂಗೆ ದಿನಾ ಚಡ್ಡಿ ಬದಲಾಯಿಸ್ತೀರಾ?"
ಬೆಂಚಿನಲ್ಲಿದ್ದ ಹಿರಿಯರೊಬ್ಬರು ಪೇಪರ್ ಮಡಚಿಟ್ಟು ನನ್ನನ್ನೇ ನೋಡಿದರು. ಮಗಳು ನನ್ನ ಸೆರಗಿನ ಹಿಂದೆ ಸರಿದಳು. ಅವಳಿಗೆ ಎಲ್ಲ ಅರ್ಥವಾಗುತ್ತೆ, ಸ್ವಾಮಿ.
"ಇನ್ನೊಂದ್ಸಲ ಕೊಡಿ, 10 ಪರ್ಸೆಂಟ್ ಡಿಸ್ಕೌಂಟ್ ಹಾಕ್ತೀನಿ."
ದೊಡ್ಡ ಮನಸ್ಸು!

ಜ್ವರ ಏರಿದ್ದರಿಂದ ಅಷ್ಟರಲ್ಲಿ ಆಂಟಿಬಯಾಟಿಕ್ ಶುರುವಾಗಿತ್ತು. ಔಷಧಿ ಒಳಗೆ ಹೋದ ಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಇರಬಹುದು. ಮುಂದೆ ಎಂಸಿಯುಜಿ ಬೇಕಾ ಅಂತ ಡಾಕ್ಟರು ಯೋಚಿಸುತ್ತಿದ್ದಾರೆ. ಮೂತ್ರದ ದಾರಿಯಲ್ಲಿ ಟ್ಯೂಬ್ ಹಾಕಿ, ಡೈ ತುಂಬಿಸಿ ಎಕ್ಸ್‌ರೇ ತೆಗೆಯುವ ಪರೀಕ್ಷೆ ಅದು. ಇನ್ಫೆಕ್ಷನ್ ಖಚಿತವಾಗದೆ ಅದಕ್ಕೆ ಮಗುವನ್ನು ಮಲಗಿಸೋದು ಹೇಗೆ?

ದುಡ್ಡು ವಾಪಸ್ ಕೊಡಿ, ಅದು ಬಿಡಿ. ಸ್ಯಾಂಪಲ್ ಆ ಹೊತ್ತಿನ ತನಕ ಎಲ್ಲಿತ್ತು ಅಂತ ಒಂದು ವಾರದೊಳಗೆ ಬರವಣಿಗೆಯಲ್ಲಿ ಬೇಕು. ಇಲ್ಲದಿದ್ದರೆ ಖಾಸಗಿ ಆಸ್ಪತ್ರೆ, ಲ್ಯಾಬುಗಳ ಮೇಲಿನ ಕರ್ನಾಟಕದ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಪ್ರಾಧಿಕಾರಕ್ಕೆ, ಜಿಲ್ಲಾ ಗ್ರಾಹಕರ ಆಯೋಗಕ್ಕೆ, ಲ್ಯಾಬುಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ, ನಿಮ್ಮ ರಿಪೋರ್ಟಿನ ತಲೆ ಮೇಲೆ ಮಿಂಚುತ್ತಿರುವ ಎನ್‌ಎಬಿಎಲ್‌ಗೆ, ಮೂರೂ ಕಡೆ ದೂರು ಹೋಗುತ್ತೆ. ಕೌಂಟರಿನ ಸಿಸಿಟಿವಿ ರೆಕಾರ್ಡಿಂಗ್ ಅಳಿಸಬೇಡಿ. ಅದನ್ನೂ ಸಾಕ್ಷಿಯಾಗಿ ಕೇಳುತ್ತೇನೆ.

ಇಂತಿ,
ಮಗುವಿನ ತಾಯಿ